ದೊಡ್ಡವ್ವನಿಗೆ ಹೂಂಗುಟ್ಟುವವರು

ನಮ್ಮ ದೊಡ್ಡವ್ವ ಕಥೆ ಹೇಳುವುದನ್ನು ನಿಲ್ಲಿಸಿದ್ದು ನಮ್ಮವ್ವ ಸತ್ತ ಮೇಲೆ. ಅಕ್ಕತಂಗಿಯರಿಬ್ಬರೂ ಅರಕಲಗೂಡು ಕಡೆಯವರು, ಇಬ್ಬರನ್ನೂ ಹೊಳೆನರಸೀಪುರಕ್ಕೇ ಕೊಟ್ಟಿದ್ದರು. ದೊಡ್ಡವ್ವ ಹೇಳುವವಳು, ಅವ್ವ ಹೂಂಗುಟ್ಟುವವಳು. ಕಥೆಗೆ ಯಾರಾದರೊಬ್ಬರು ಹೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಹೇಳುವವರ ಬಾಯಿ ಕಟ್ಟುತ್ತದೆ. ಮನೆ ತುಂಬ ನಾವು ಮಕ್ಕಳು ಕೂತಿದ್ದರೂ ದೊಡ್ಡವ್ವ "ಕೇಳಮ್ಮಿ" ಅಂತ ಶುರುಮಾಡುತ್ತಿದ್ದುದು ತಂಗಿಗೆ ಮಾತ್ರ. ಅಮ್ಮಿ ಅಂತ ನಮ್ಮನ್ನು ಯಾರನ್ನೂ ಕರೆದವಳಲ್ಲ. ಅವ್ವ ಅಕ್ಕಿ ಆರಿಸುತ್ತಲೋ ಬತ್ತಿ ಹೊಸೆಯುತ್ತಲೋ, ತಲೆ ಎತ್ತದೆ, ಮೂಗಿನಲ್ಲೇ ಸ್ವಲ್ಪ ಎಳೆದು ಹೂಂ ಅನ್ನುತ್ತಿದ್ದಳು. ರಾಕ್ಷಸ ಬಂದಾಗ ಒಂದು ಥರ, ಯಾರಾದರೂ ಅತ್ತಾಗ ಇನ್ನೊಂದು ಥರ.

ಹಾಸನದ ಆಸ್ಪತ್ರೆಯಿಂದ ತಂದು ಅವ್ವನನ್ನು ಮಣ್ಣು ಮಾಡಿದೆವು. ಆಮೇಲೆ ದೊಡ್ಡವ್ವ ಮಾತಾಡುತ್ತಿದ್ದಳು, ಸೊಸೆಯನ್ನು ಬೈಯುತ್ತಿದ್ದಳು, ಅದಕ್ಕೇನೂ ಕಮ್ಮಿಯಿರಲಿಲ್ಲ. ಕಥೆ ಮಾತ್ರ ಇಲ್ಲ. ನಾನು ಪೀಡಿಸಿ ಕೂರಿಸಿದರೆ ಎರಡು ಮಾತು ಹೇಳಿ ನಿಲ್ಲಿಸಿ, "ನೀನು ಹೂಂ ಅನ್ನೋದು ಬಸ್ಸು ಬಂತಾ ಅಂತ ನೋಡ್ಕೊಂಡು ಅಂದಂಗದೆ ಕಣವ್ವ. ಬುಡು," ಅಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೊಳೆಯನ್ನು ಮದುವೆಯಾದ ಹುಡುಗಿಯ ಕಥೆ ಈಗ ಅವಳೊಬ್ಬಳಿಗೇ ಗೊತ್ತಿರುವುದು. ನನಗೆ ನೆನಪಿರುವುದು ಅರ್ಧ. ಬೇಸಿಗೆ ಬಂದು ಗಂಡ ಬತ್ತಿಹೋದಾಗ ಆ ಹುಡುಗಿ ಏನು ಮಾಡಿದಳು? ಎಷ್ಟು ತಿಣುಕಿದರೂ ನೆನಪಿಗೆ ಬರುವುದಿಲ್ಲ. ದೊಡ್ಡವ್ವನ ಜೊತೆ ಅದೂ ಹೊರಟುಹೋಗುತ್ತದಲ್ಲ ಅನ್ನುವ ದಿಗಿಲು ನನಗೆ ಹೊಲಿಗೆ ಮಿಷನ್ನಿನ ಮುಂದೆ ಕೂತಾಗಲೂ ಬಿಡುತ್ತಿರಲಿಲ್ಲ.

ನನ್ನದು ಚನ್ನರಾಯಪಟ್ಟಣದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಅಲ್ಲಿಗೊಬ್ಬಳು ಜಪಾನಿನ ಹುಡುಗಿ ಬಂದಳು. ಶ್ರವಣಬೆಳಗೊಳದಲ್ಲಿ ಪ್ರಾಕೃತ ಓದಲು ಬಂದವಳು, ಕನ್ನಡವನ್ನೂ ಕಲಿತಿದ್ದಳು, ಪೂರಾ ಪುಸ್ತಕದಿಂದ. "ತೋಳು ಕಿಂಚಿತ್ ದೀರ್ಘವಾಗಿರಲಿ," ಅಂದಳು. ನಾನು ನಗು ತಡೆಯಲಾರದೆ ಟೇಪು ಬೀಳಿಸಿದೆ. ಅಳತೆ ತೆಗೆಯುವಾಗ ನಾನು ಏನು ಹೇಳಿದರೂ ನಡುನಡುವೆ ಸಣ್ಣಗೆ ದನಿಗೂಡಿಸುತ್ತಿದ್ದಳು. ಯಾಕಮ್ಮಾ ಅಂದೆ. ಊರಿನ ಅಭ್ಯಾಸ ಅಂದಳು. ಅವಳದು ಹಿಮ ಬೀಳುವ ಬೆಟ್ಟದ ಹಳ್ಳಿ. ಅಜ್ಜಿ ಒಲೆಯ ಸುತ್ತ ಕೂರಿಸಿಕೊಂಡು ಕಥೆ ಹೇಳುವಾಗ ಕೇಳುವವರು "ಓತ್ತೋ" ಅನ್ನುತ್ತಿರಬೇಕಂತೆ, ಅನ್ನದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳಂತೆ.

ಸಮುದ್ರದಾಚೆ, ಹೆಸರೂ ಕೇಳದ ಯಾವುದೋ ಹಳ್ಳಿಯ ಒಲೆ ಮುಂದೆಯೂ ನಮ್ಮವ್ವನ ಕೆಲಸ ಮಾಡುವವರು ಇದ್ದಾರೆ. ಇದನ್ನು ಯಾರು ಯಾರಿಗೆ ಕಲಿಸಿದರು? ಬ್ಲೌಸು ಆಮೇಲೆ ನೋಡೋಣ, ಭಾನುವಾರ ನನ್ನ ಜೊತೆ ನಮ್ಮ ದೊಡ್ಡವ್ವನ ಮನೆಗೆ ಬಾ ಅಂದೆ.

ಬಸ್ಸಿಳಿದು ಮನೆ ಸೇರಿದಾಗ ಮಧ್ಯಾಹ್ನ. ದೊಡ್ಡವ್ವ ಹುಡುಗಿಯ ಕೆನ್ನೆ ಸವರಿ ನೋಡಿದಳು, ಊಟಕ್ಕೆ ಹಾಕಿಸಿದಳು. ಇವಳಿಗೆ ಕಥೆ ಬರುತ್ತದೆ ಅಂದಾಗ ಮಾತ್ರ ಮುಖ ಗಂಟಿಕ್ಕಿದಳು. "ಅಗಲೊತ್ತು ಕತೆ ಏಳ್ಬಾರ್ದು. ದಾರೀಲಿ ಓಗೋರು ದಾರಿ ತಪ್ತಾರೆ."

ಹುಡುಗಿ ತಟ್ಟೆಯಿಂದ ತಲೆ ಎತ್ತಿದಳು. "ನಮ್ಮಲ್ಲಿಯೂ ನಿಷಿದ್ಧ. ಹಗಲು ಹೇಳಿದರೆ ಇಲಿಯು ಬಂದು ಮೇಲೆ ಮೂತ್ರ ವಿಸರ್ಜನೆ ಮಾಡುತ್ತದೆ."

ದೊಡ್ಡವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು ನೋಡಿ, ಅವ್ವ ಹೋದ ಮೇಲೆ ಆ ನಗುವನ್ನು ನಾನು ಕಂಡಿರಲಿಲ್ಲ. ಸಂಜೆವರೆಗೆ ಕಾಯೋಣ ಅಂದರೆ ಹುಡುಗಿಗೆ ಬಸ್ಸಿಲ್ಲ. ದೊಡ್ಡವ್ವ ಯೋಚಿಸಿ ಎದ್ದವಳೇ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬಾಗಿಲಿಗೆ ಕಂಬಳಿ ಇಳಿಬಿಡಿಸಿ, ದೀಪ ಹಚ್ಚಿದಳು. "ದೀಪ ಅಚ್ಚಿದ್ಮೇಲೆ ಸಂಜೆನೇಯ. ನಾನೇಳಾಕಿಲ್ಲ, ಅವಳು ಏಳ್ಲಿ." ಹೊರಗೆ ಬಿಸಿಲು ಧಗಧಗ ಉರಿಯುತ್ತಿತ್ತು.

ಹುಡುಗಿ ಹೇಳಿದಳು. ಹಿಮದ ಊರಿನಲ್ಲೊಬ್ಬ ಮುದುಕ. ಅವನು ಒಲೆಗೆ ಮುಖ ಮಾಡಿ ಕಥೆ ಹೇಳುವಾಗ ಹೆಂಡತಿ ಬೆನ್ನ ಹಿಂದೆ ನೂಲು ತೆಗೆಯುತ್ತ ಓತ್ತೋ ಅನ್ನುತ್ತಿದ್ದಳು. ಇಲ್ಲಿ ಹುಡುಗಿ ನಿಲ್ಲಿಸಿ ಕಾದಳು. ದೊಡ್ಡವ್ವ, ಅಷ್ಟು ವರ್ಷ ಹೇಳುವವಳೇ ಆಗಿದ್ದ ದೊಡ್ಡವ್ವ, ಮೆಲ್ಲಗೆ ಹೂಂ ಅಂದಳು. ಆ ಹೆಂಡತಿ ಸತ್ತಳು. ಹೂಂ. ಹಿಮ ಬಾಗಿಲನ್ನು ಮುಚ್ಚಿತು. ಹೂಂ. ಮುದುಕ ತಡೆಯಲಾರದೆ ಒಬ್ಬನೇ ಒಲೆ ನೋಡುತ್ತ ಕಥೆ ಶುರುಮಾಡಿದ. ಹಿಂದಿನಿಂದ ಹೆಂಡತಿಯದೇ ದನಿ, ಓತ್ತೋ. ಆ ಸೀಮೆಯಲ್ಲಿ ನರಿಗಳು ವೇಷ ಹಾಕುತ್ತವೆ. ಮುದುಕನ ಮೂಗಿಗೆ ಒದ್ದೆ ಕೂದಲಿನ ವಾಸನೆ ಬಡಿಯಿತು. ತಿರುಗಿ ನೋಡಿದರೆ ನರಿ ಓಡುತ್ತದೆ, ಅದರ ಹಿಂದೆ ದನಿಯೂ ಹೋಗುತ್ತದೆ. ಅವನು ತಿರುಗಲಿಲ್ಲ. ಹಿಮ ಕರಗುವವರೆಗೂ ಒಲೆಯನ್ನೇ ನೋಡುತ್ತ ಕಥೆ ಹೇಳಿದ.

ಕಥೆ ಅಷ್ಟೇ.

"ನರಿ ಅಂತ ಅವನಿಗೆ ಗೊತ್ತಿತ್ತಾ?" ದೊಡ್ಡವ್ವ ಕೇಳಿದಳು.

"ತಿಳಿದಿತ್ತು."

"ಅವನಿಗೆ ಗೊತ್ತು ಅನ್ನೋದು ನರಿಗೂ ಗೊತ್ತಿತ್ತಾ?"

"ಅದನ್ನು ನಾನು ಅಜ್ಜಿಯಲ್ಲಿ ಕೇಳಲಿಲ್ಲ."

"ಗೊತ್ತಿರ್ತದೆ ಬುಡು," ಅಂದಳು ದೊಡ್ಡವ್ವ.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಕೈ ಕೆಲಸ ಮರೆಯುತ್ತದೆ. ಕೂತಿದ್ದ ಮಣೆಯನ್ನು ಸರಕ್ಕನೆ ತಿರುಗಿಸಿಕೊಂಡಳು. ಮುಖ ದೀಪದ ಕಡೆಗೆ, ಬೆನ್ನು ನಮ್ಮ ಕಡೆಗೆ.

"ಒಂದೂರಲ್ಲಿ ಒಬ್ಳು ಉಡುಗಿ ಇದ್ಲು. ಅವಳನ್ನ ಒಳೆ ಎಣ್ಣು ಕೇಳ್ಕೊಂಡು ಬಂತು."

ನಿಲ್ಲಿಸಿ ಕಾದಳು. ಜಪಾನಿನ ಹುಡುಗಿ ಬಾಯಿ ತೆರೆದವಳು ನನ್ನನ್ನು ನೋಡಿ ಮುಚ್ಚಿಕೊಂಡಳು. ನಾನು ತಲೆ ತಗ್ಗಿಸಿ, ಮೂಗಿನಲ್ಲೇ ಸ್ವಲ್ಪ ಎಳೆದು, ಹೂಂ ಅಂದೆ. ಅದು ಯಾರ ದನಿ ಅಂತ ನನ್ನ ಕಿವಿಗೇ ಗೊತ್ತಾಯಿತು.

ದೊಡ್ಡವ್ವನ ಬೆನ್ನು ಒಮ್ಮೆ ನಡುಗಿ ಸುಮ್ಮನಾಯಿತು. ಅವಳು ತಿರುಗಿ ನೋಡಲಿಲ್ಲ. ಮದುವೆಯಾಯಿತು, ಮಳೆಗಾಲ ಕಳೆಯಿತು, ಗಂಡ ಹೆಂಡತಿ ಚೆನ್ನಾಗಿ ಬಾಳಿದರು, ಪ್ರತಿಯೊಂದಕ್ಕೂ ನಾನು ಹೂಂಗುಟ್ಟಿದೆ. ನನಗೆ ಮರೆತುಹೋಗಿದ್ದ ಜಾಗಕ್ಕೆ ಬಂದಾಗ ಅವಳ ದನಿ ತಗ್ಗಿತು.

"ಬೇಸ್ಗೆ ಬಂತು ಕಣಮ್ಮಿ," ಅಂದಳು.

ಹೂಂ ಅಂದೆ.