ಕಣ್ಣುಳಿಸಿಕೊಳ್ಳಲು ಹೋಗಿ ನಿದ್ದೆಗೆಟ್ಟೆ

ಮೂರು ವರ್ಷದ ಹಿಂದಿನ ಮಾತು. ಕಾರಹುಣ್ಣಿಮೆ ಮುಗಿದಿತ್ತು. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಶ್ರಾವಣದ ಸೀರೆಗಳಿಗಾಗಿ ಮಗ್ಗಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು. ನನಗಾಗ ಅರವತ್ತೇಳು. ‘ಅರವತ್ತಕ್ಕೆ ಅರಳು ಮರಳು’ ಎಂದು ಗಾದೆ ಕಟ್ಟಿದವನು ಆಗ ನನ್ನ ಕೈಗೆ ಸಿಕ್ಕಿದ್ದರೆ ಅವನ ಗತಿ ನೆಟ್ಟಗಿರುತ್ತಿರಲಿಲ್ಲ. ಯಾಕೆಂದರೆ ಆ ವರ್ಷ ಅದೇ ಗಾದೆ ನನ್ನ ಹೆಗಲೇರಿ ಕುಳಿತಿತ್ತು.

ಮೊದಲು ನನ್ನ ಕೆಲಸ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಪ್ರತಿಯೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಬೆನ್ನು ಬಗ್ಗಿಸಿ, ಸಾವಿರಾರು ಎಳೆ ಕೆಚ್ಚಬೇಕು. ಒಂದು ಎಳೆ ಆಚೀಚೆಯಾದರೂ ಅದು ಸೀರೆಯುದ್ದಕ್ಕೂ ಗೆರೆಯಾಗಿ ಕಾಣುತ್ತದೆ. ಈ ಕೆಲಸ ನನಗೆ ಕಲಿಸಿದವರು ನಮ್ಮ ಅತ್ತೆ. ಎಳೆ ಹಿಡಿಯುವ ಮೊದಲು ಬೂದಿಯ ಬೆರಳನ್ನು ಬಲಮೊಣಕಾಲಿಗೆ ಒಮ್ಮೆ ಒರೆಸುವುದು ಮಾತ್ರ ನನ್ನದೇ ಚಟ. ನನ್ನ ಯಾವ ಸೀರೆ ನೋಡಿದರೂ ಆ ಜಾಗ ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

ಓಣಿಯಲ್ಲಿ ಯಾರ ಮನೆಗೆ ಹೊಸ ಹಾಸು ಬಂದರೂ “ಶಾಂತವ್ವನ್ನ ಕರೀರಿ” ಎನ್ನುತ್ತಿದ್ದರು. ಸೊಕ್ಕು ಅನ್ನಿ, ಹೆಮ್ಮೆ ಅನ್ನಿ, ಆ ಕರೆ ಬಂದ ದಿನ ನನಗೆ ಊಟವೂ ಬೇಡವಾಗುತ್ತಿತ್ತು.

ಅದಕ್ಕೂ ಮೊದಲಿನ ಚಳಿಗಾಲದಲ್ಲೇ ಕೆಳದವಡೆಯ ಹಿಂದಿನ ಹಲ್ಲೊಂದು ನೋಯತೊಡಗಿತು. ಹಗಲು ಹೇಗೋ ಸುಮ್ಮನಿರುತ್ತಿತ್ತು. ರಾತ್ರಿ ತಲೆ ದಿಂಬಿಗೆ ಹಚ್ಚಿದ ಕೂಡಲೇ ದವಡೆಯಲ್ಲಿ ಯಾರೋ ಕುಟ್ಟಿದಂತಾಗುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ, ಅವರು ಹಲ್ಲು ಕೀಳುತ್ತಾರೆ, ಕಿತ್ತರೆ ನನ್ನ ಕಣ್ಣು ಹೋಗುತ್ತದೆ ಎಂಬ ಭಯ. ನಮ್ಮವ್ವ ಎರಡು ಹಲ್ಲು ಕೀಳಿಸಿದ ವರ್ಷವೇ ಅವಳ ಕಣ್ಣು ಮಂಜಾಗಿ ಕೆಚ್ಚುವ ಕೆಲಸ ನಿಂತಿತ್ತು. ಹಲ್ಲಿನ ಬೇರು ಕಣ್ಣಿನ ನರಕ್ಕೆ ಅಂಟಿಕೊಂಡಿರುತ್ತದೆ ಎಂದು ಆಗ ಮನೆಗೆ ಬಂದವರೆಲ್ಲ ಹೇಳಿದ್ದರು. ನಾನೂ ನಂಬಿದ್ದೆ. ಹಲ್ಲು ಹೋದರೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಯಾದರೂ ತಿನ್ನಬಹುದು, ಕಣ್ಣು ಹೋದರೆ ಕೆಚ್ಚುವುದು ಹೇಗೆ?

ಹಾಗಾಗಿ ತಂಬಾಕಿನ ಪುಡಿಯನ್ನು ಒಸಡಿಗೆ ಒತ್ತಿಕೊಂಡು ರಾತ್ರಿ ಕಳೆಯುತ್ತಿದ್ದೆ. ಅದರಿಂದ ನೋವು ಒಂದಿಷ್ಟು ಮರಗಟ್ಟುತ್ತಿತ್ತು, ಆದರೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಬೆಳಗಾದರೆ ಗಲ್ಲ ಉಬ್ಬಿರುತ್ತಿತ್ತು. ತಲೆಯ ಮೇಲಿನ ಸೆರಗನ್ನು ಆ ಕಡೆ ಒಂದಿಷ್ಟು ಹೆಚ್ಚು ಇಳಿಸಿಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ಹುಷಾರುತನ ಅಂದರೆ ನನ್ನದೇ!

ಆಮೇಲೆ ಶುರುವಾಯಿತು ನೋಡಿ ಮರೆವು. ಹಾಲು ಒಲೆಯ ಮೇಲಿಟ್ಟು ಅಂಗಳಕ್ಕೆ ಹೋದವಳು ಸುಟ್ಟ ವಾಸನೆ ಬರುವವರೆಗೂ ಅಲ್ಲೇ ನಿಂತಿರುತ್ತಿದ್ದೆ. ಸೊಸೆ ರೇಣುಕಾಳನ್ನು ನನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದೆ. ಮಾತಾಡುತ್ತಿರುವಾಗಲೇ ಮಾತಿನ ತುದಿ ಕೈಬಿಟ್ಟು ಹೋಗುತ್ತಿತ್ತು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಉಪ್ಪಿನ ಡಬ್ಬಿ ಸಿಗದಿದ್ದಕ್ಕೆ ಒಮ್ಮೆ ಇಡೀ ಮನೆಯ ಜೊತೆ ಜಗಳಾಡಿದ್ದೆ. ಡಬ್ಬಿ ನನ್ನ ಕೈಯಲ್ಲೇ ಇತ್ತು.

ಒಂದು ದಿನ ಪಕ್ಕದ ಮನೆಯವಳು ಕಟ್ಟೆಯ ಮೇಲೆ ರೇಣುಕಾಳಿಗೆ, “ನಿಮ್ಮ ಅತ್ತಿಯವರಿಗೆ ಅರಳು ಮರಳು ಸುರು ಆದಂಗ ಕಾಣತೈತಲ್ಲವ್ವ” ಎಂದಳು. ರೇಣುಕಾ ಸಣ್ಣ ದನಿಯಲ್ಲಿ “ಹೂಂನ್ರಿ” ಎಂದಳು. ಒಳಗಿದ್ದ ನನಗೆ ಆ ‘ಹೂಂ’ ಹಲ್ಲಿಗಿಂತ ಹೆಚ್ಚು ನೋಯಿಸಿತು. ಆ ದಿನದಿಂದ ಅವಳ ಜೊತೆ ಬೇಕಾದಷ್ಟೇ ಮಾತು.

ಆದರೂ ಕೈ ನನ್ನದಿದೆ ಎಂದು ಧೈರ್ಯ ಮಾಡಿಕೊಂಡಿದ್ದೆ. ನಮ್ಮದೇ ಮಗ್ಗಕ್ಕೆ ಹೊಸ ಹಾಸು ಬಂತು. ಎಂದಿನಂತೆ ಕುಳಿತು ಕೆಚ್ಚಿದೆ. ಸಂಜೆ ಗುಡಿಗೆ ಹೋಗಿ ಬಂದು ಬಾಗಿಲಲ್ಲಿ ಕಾಲಿಡುವಾಗ ನಮ್ಮ ಮನೆಯವರು ಮಗ್ಗದ ಮೇಲೆ ಬಗ್ಗಿ ನಾನು ಕೆಚ್ಚಿದ ಎಳೆಗಳನ್ನು ಬಿಚ್ಚುತ್ತಿದ್ದರು. ಅಂಚಿನ ದಡಿಯ ಕೆಂಪು ಎಳೆಗಳನ್ನು ನಾನು ಒಡಲಿನ ಕರಿ ಎಳೆಗಳಿಗೆ ಕೆಚ್ಚಿಬಿಟ್ಟಿದ್ದೆ. ಬಾಗಿಲಿನಿಂದಲೇ ಅದು ನನಗೆ ಕಾಣುತ್ತಿತ್ತು. ಕೆಲಸ ಮಾಡುವಾಗ ಯಾಕೆ ಕಾಣಲಿಲ್ಲವೋ!

“ಏನ ಮಾಡಾಕತ್ತೀರಿ?” ಎಂದೆ.

ಅವರು ತಲೆಯೆತ್ತಲಿಲ್ಲ. “ಏನಿಲ್ಲ. ಎರಡ ಎಳಿ ಸಡ್ಲ ಆಗಿದ್ವು” ಎಂದರು.

ನಮ್ಮವರು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಜೀವನದಲ್ಲಿ ಒಂದು ಸುಳ್ಳೂ ನೆಟ್ಟಗೆ ಹೇಳಲು ಬಾರದ ಮನುಷ್ಯ ನನಗಾಗಿ ಸುಳ್ಳು ಹೇಳುತ್ತಿದ್ದಾರೆ ಎಂದರೆ, ನನ್ನ ಕಥೆ ಮುಗಿಯಿತು ಎಂದೇ ಅರ್ಥ ಮಾಡಿಕೊಂಡೆ. ಮರುವಾರ ಎದುರು ಮನೆಗೆ ಹೊಸ ಹಾಸು ಬಂತು. ಅವರು ಬೇರೆಯವರನ್ನು ಕರೆದರು.

ಅದನ್ನು ನೋಡುತ್ತ ಮನೆಯಲ್ಲಿ ಕೂರಲಾಗಲಿಲ್ಲ. ಸೂಡಿಯಲ್ಲಿರುವ ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ಬೆಳಿಗ್ಗೆ ಚೀಲ ಹಿಡಿದು ಹೊರಟೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಯಾರನ್ನೂ ಕೇಳಬೇಕಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದ್ದು ನೆನಪಿದೆ. ಮಂಪರಿನಲ್ಲಿ ಯಾರೋ “ಇಳೀರಿ, ಇಳೀರಿ” ಎಂದಂತಾಯಿತು, ಇಳಿದೆ. ಬಸ್ಸು ಹೋದ ಮೇಲೆ ಸುತ್ತ ನೋಡಿದರೆ ಅದು ಸೂಡಿ ಅಲ್ಲ. ಯಾವ ಊರೆಂದು ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚಿನದೆಂದರೆ, ನಾನು ಎಲ್ಲಿಗೆ ಹೊರಟಿದ್ದೆ ಎಂಬುದೇ ಹೊಳೆಯಲಿಲ್ಲ. ಬಿಸಿಲಿನಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಅಳತೊಡಗಿದೆ.

ಹೊಲದಿಂದ ಬರುತ್ತಿದ್ದ ಒಬ್ಬ ಹೆಂಗಸು ತಲೆಯ ಮೇಲಿನ ಹುಲ್ಲಿನ ಹೊರೆ ಕೆಳಗಿಟ್ಟು ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಹೆಸರು ಗಂಗವ್ವ ಎಂದು ಆಮೇಲೆ ತಿಳಿಯಿತು. ಕೂಲಿ ಮಾಡುವ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು.

“ಯಾಕ್ರಿ ಯಕ್ಕಾ, ಯಾವೂರಾಕಿ ನೀವು?”

“ಗಜೇಂದ್ರಗಡ. ಇದ ಯಾವೂರು?”

“ರಾಜೂರ. ಎಲ್ಲಿಗೆ ಹೊಂಟಿದ್ರಿ?”

ನಾನು ನೆನಪಾಗದೆ ಇನ್ನಷ್ಟು ಅತ್ತೆ. ಅವಳು ಮುಂದೆ ಕೇಳಲಿಲ್ಲ. “ಆತು ಬಿಡ್ರಿ, ಬಿಸಲಾಗ ಯಾಕ ಕುಂದರತೀರಿ, ಬರ್ರಿ” ಎಂದು ಕೈ ಹಿಡಿದು ಹತ್ತಿರದಲ್ಲೇ ಇದ್ದ ತನ್ನ ಮನೆಗೆ ಕರೆದೊಯ್ದಳು. ಮನೆಗೆ ಫೋನ್ ಹಚ್ಚೋಣ, ನಂಬರು ಹೇಳಿರಿ ಎಂದಳು. ಮಗನ ನಂಬರು ನನಗೆ ಬಾಯಿಪಾಠ. ಆಗ ಒಂದು ಅಂಕಿಯೂ ಬರಲಿಲ್ಲ. ಚೀಲದಲ್ಲಿದ್ದ ಆಧಾರ ಕಾರ್ಡಿನಲ್ಲಿ ಊರು, ಓಣಿ ಇತ್ತೇ ಹೊರತು ನಂಬರಿರಲಿಲ್ಲ.

“ಅವಸರ ಮಾಡಬ್ಯಾಡ್ರಿ. ಒಂದ ತುತ್ತ ತಿನ್ರಿ, ನೆನಪಾದಾಗ ಹಚ್ಚೂಣು. ಇಲ್ಲಂದ್ರ ಸಂಜಿ ಬಸ್ಸಿಗೆ ನಾನ ನಿಮ್ಮ ಓಣಿ ತನಕ ಬಂದ ಬಿಟ್ಟ ಬರತೀನಿ” ಎಂದಳು.

ರೊಟ್ಟಿ, ಮಜ್ಜಿಗೆ ಕೊಟ್ಟಳು. ನಾನು ಒಂದೇ ಕಡೆ ಅಗಿಯುತ್ತ, ತುತ್ತು ತುತ್ತಿಗೂ ಕಣ್ಣು ಮುಚ್ಚುವುದನ್ನು ನೋಡಿ, “ಹಲ್ಲ ನೋಯತಾವೇನ್ರಿ?” ಎಂದಳು. ಮನೆಯವರಿಂದ ಇಷ್ಟು ದಿನ ಮುಚ್ಚಿಟ್ಟದ್ದನ್ನು ಆ ಅಪರಿಚಿತಳ ಮುಂದೆ ಹೇಳಿಬಿಟ್ಟೆ. ನಿದ್ದೆಯಿಲ್ಲದ್ದು, ಕಣ್ಣಿನ ಭಯ, ನಮ್ಮವರು ಎಳೆ ಬಿಚ್ಚಿದ್ದು, ಎಲ್ಲ. ಅವಳು ಉಪದೇಶ ಮಾಡಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ಕೊಟ್ಟಳು. ಬೇವಿನ ನೆರಳಿಗೆ ಹೊರಸು ಎಳೆದು ಕೌದಿ ಹಾಸಿ, “ಸುಮ್ಮ ಅಡ್ಡಾಗ್ರಿ” ಎಂದಳು. ನನ್ನ ತಲೆದೆಸೆಯಲ್ಲೇ ಜೋಳ ಹಸನು ಮಾಡುತ್ತ ಕುಳಿತು, ಕೋಳಿ ಹತ್ತಿರ ಬಂದರೆ ಸದ್ದಾಗದಂತೆ ಕೈಬೀಸಿ ಓಡಿಸುತ್ತಿದ್ದಳು.

ಎಷ್ಟೋ ತಿಂಗಳ ಮೇಲೆ ಅಂಥ ನಿದ್ದೆ ಬಂತು. ಕಣ್ಣು ಬಿಟ್ಟಾಗ ಹೊತ್ತು ಇಳಿಮುಖವಾಗಿತ್ತು. ಬೇವಿನ ಎಲೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ನಾನು ಎದ್ದು ಕುಳಿತು, ಯಾರೂ ಕೇಳದೆಯೇ ಮಗನ ನಂಬರನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸೂಡಿಯ ತಂಗಿಯ ಹೆಸರೂ ಬಂತು. ಗಂಗವ್ವ ಮೊರ ಬಿಟ್ಟು ನಕ್ಕಳು. “ಎಲ್ಲಿ ಹೋಗಿತ್ರಿ ನಿಮ್ಮ ಬುದ್ಧಿ? ಇಲ್ಲೇ ಐತಲ್ಲ!” ಎಂದಳು. ಆ ಮಾತು ಕೇಳಿ ನಾನು ಮತ್ತೆ ಅತ್ತೆ, ಆದರೆ ಆ ಅಳು ಬೇರೆಯದು.

ಮಗ ಸೀರೆ ಗಂಟು ತೆಗೆದುಕೊಂಡು ಇಳಕಲ್ಲಿಗೆ ಹೋಗಿದ್ದ. ಸ್ಕೂಟಿ ಹತ್ತಿ ಬಂದವಳು ರೇಣುಕಾ. ತಂಗಿಯ ಮನೆಗೆ ಫೋನ್ ಮಾಡಿ, ನಾನು ಅಲ್ಲಿಗೆ ಮುಟ್ಟಿಲ್ಲವೆಂದು ತಿಳಿದು ಮಧ್ಯಾಹ್ನದಿಂದ ಹುಡುಕುತ್ತಿದ್ದಳಂತೆ. ಬಿಸಿಲಿಗೆ ಮುಖ ಕೆಂಪಾಗಿತ್ತು. ಗಂಗವ್ವ ಅವಳಿಗೆ ನೀರು ಕೊಟ್ಟು, “ನಿಮ್ಮ ಅತ್ತಿಯ ಹಲ್ಲ ಒಮ್ಮೆ ಯಾರಿಗರೆ ತೋರಸ್ರವ್ವ. ತುತ್ತ ನುಂಗಾಕ ಭಾಳ ತ್ರಾಸ ಮಾಡಿಕೊಂಡ್ರು” ಎಂದಳು.

ರೇಣುಕಾ ನನ್ನ ಹತ್ತಿರ ಬಂದು ಸೆರಗು ಸರಿಸಿದಳು. ಗಲ್ಲ ನೋಡಿ ಕೈ ಬಾಯಿಗೆ ಹೋಯಿತು. “ಅತ್ತೀ, ಇಷ್ಟ ಬಾವು ಬಂದೈತಿ, ಯಾಕ ಹೇಳಲಿಲ್ರಿ?”

ಮನೆಗೆ ಹೋಗದೆ ನೆಟ್ಟಗೆ ದವಾಖಾನೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬಾಯಿ ತೆಗೆಸಿ ದೀಪ ಬಿಟ್ಟು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ನಿದ್ದೆಯ ಬಗ್ಗೆಯೇ ಹತ್ತು ಪ್ರಶ್ನೆ ಕೇಳಿದರು. ಅತ್ತೆಯವರಿಗೆ ಅರಳು ಮರಳೇ ಎಂದು ರೇಣುಕಾ ಅಂಜುತ್ತ ಕೇಳಿದಾಗ, “ಈಗ ಹೌದೂ ಅನ್ನಂಗಿಲ್ಲ, ಅಲ್ಲಾ ಅಂತನೂ ಅನ್ನಂಗಿಲ್ಲ” ಎಂದರು. “ಹಲ್ಲಿನ ಬುಡಕ್ಕ ಕೀವು ಕಟ್ಟೈತಿ. ಉರಿಯೂತ ಬಾಯಾಗ ಇದ್ರೂ ಅದರ ತ್ರಾಸ ಮೈತುಂಬ ಇರತೈತಿ. ವಯಸ್ಸಾದವರಿಗೆ ಅದು ತಲಿಗೂ ಮಂಕ ಕವಿಸಬಹುದು. ಅದರ ಮ್ಯಾಲೆ ನಿದ್ದಿ ಇಲ್ಲ, ನಿದ್ದಿ ಕೆಡಸೂ ತಂಬಾಕ ಬ್ಯಾರೆ. ಇದನ್ನೆಲ್ಲ ಮೊದಲ ಸರಿ ಮಾಡೂಣು. ಆಮ್ಯಾಲೆ ಮತ್ತ ನೋಡೂಣು. ಮರವು ಅಂದ ಕೂಡಲೆ ವಯಸ್ಸಿನ ಮ್ಯಾಲೆ ಹಾಕಿ ಕೈ ತೊಳಕೋಬಾರದು.”

“ಹಲ್ಲ ಕಿತ್ರ ಕಣ್ಣ ಹೋಗಂಗಿಲ್ಲೇನ್ರಿ?” ಎಂದೆ. ಅವರು ನಗಲಿಲ್ಲ. ನಮ್ಮವ್ವನಿಗೆ ವಯಸ್ಸೆಷ್ಟಿತ್ತು ಎಂದು ಕೇಳಿದರು. ಹೇಳಿದೆ. “ಆ ವಯಸ್ಸಿನಾಗ ಪೊರೆ ಬಂದಿರಬೇಕು. ಹಲ್ಲ ಕೀಳಿಸದಿದ್ರೂ ಬರತಿತ್ತು. ಹಲ್ಲಿಗೂ ಅದಕ್ಕೂ ಸಂಬಂಧ ಇಲ್ರಿ” ಎಂದರು.

ಔಷಧಿಯಿಂದ ಬಾವು ಇಳಿದ ಮೇಲೆ ರೋಣದ ದವಾಖಾನೆಯಲ್ಲಿ ಹಲ್ಲು ಕೀಳಿಸಿಕೊಂಡೆ. ಡಾಕ್ಟರಮ್ಮ ಹೇಳಿದ್ದು ಖರೇ ಇರಬಹುದು, ಆದರೆ ನನ್ನ ಕಣ್ಣಿನ ಜವಾಬ್ದಾರಿ ನನ್ನದಲ್ಲವೇ? ಸೂಜಿ, ದಾರ ಸಂಚಿಯಲ್ಲಿಟ್ಟುಕೊಂಡು ಹೋಗಿದ್ದೆ. ಬಾಯಲ್ಲಿ ಅರಳೆ ಕಚ್ಚಿಕೊಂಡು ಹೊರಗಿನ ಬಾಕಿನ ಮೇಲೆ ಕುಳಿತವಳೇ ಸೂಜಿಗೆ ದಾರ ಪೋಣಿಸಿದೆ. ಒಂದೇ ಸಲಕ್ಕೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ನರ್ಸು ನಕ್ಕದ್ದೇ ನಕ್ಕದ್ದು. ಜೊತೆಗೆ ಬಂದಿದ್ದ ನಮ್ಮವರು ಮಾತ್ರ ಆ ಸೂಜಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು.

ತಂಬಾಕು ಬಿಡುವುದು ಹಲ್ಲು ಕೀಳಿಸಿದಷ್ಟು ಸಸಾರವಾಗಲಿಲ್ಲ. ಆದರೂ ಬಿಟ್ಟೆ. ನಿದ್ದೆ ಮೊದಲು ಒಂದು ಗಳಿಗೆ, ಆಮೇಲೆ ಎರಡು, ಹಾಗೆ ಹಾಗೆ ಮರಳಿ ಮನೆಗೆ ಬಂತು. ಡಾಕ್ಟರಮ್ಮ ಮತ್ತೊಮ್ಮೆ ಕರೆಸಿ ಲೆಕ್ಕ, ಹೆಸರು, ವಾರ ಎಲ್ಲ ಕೇಳಿ, ಚಲೋ ಆಗಿದೆ ಎಂದರು. ವರ್ಷಕ್ಕೊಮ್ಮೆ ಬರಬೇಕೆಂದೂ ಹೇಳಿದರು, ಹೋಗುತ್ತಿದ್ದೇನೆ. ಈಗಲೂ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತೇನೆ. ಅದನ್ನು ನಮ್ಮ ಮಗನೂ ಹುಡುಕುತ್ತಾನೆ, ಅವನಿಗೆ ಯಾರೂ ಗಾದೆ ಹೇಳುವುದಿಲ್ಲ.

ದೀಪಾವಳಿಯ ಮುಂದೆ ಮನೆಗೆ ಹೊಸ ಹಾಸು ಬಂತು. ನಾನು ಒಂದು ದಡಿಯ ಕಡೆ ಕುಳಿತೆ. ರೇಣುಕಾ ಸೀರೆ ಸಾವರಿಸಿಕೊಂಡು ಬಂದು, “ಆ ಕಡಿಂದ ನಾ ಕುಂದರಲೇನ್ರಿ ಅತ್ತಿ?” ಎಂದಳು. ಅವಳಿಗೆ ನಾನು ಎಂದೂ ಕಲಿಸಿರಲಿಲ್ಲ. ನೋಡೋಣ ಎಂದು ಹೂಂ ಅಂದೆ. ಅವಳು ಬೂದಿ ಮುಟ್ಟಿದಳು, ಬೆರಳನ್ನು ಬಲಮೊಣಕಾಲಿಗೆ ಒಮ್ಮೆ ಒರೆಸಿದಳು, ಎಳೆ ಹಿಡಿದಳು.

ನನ್ನ ಕೈ ನಿಂತುಹೋಯಿತು. ನಮ್ಮವರ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಕೆಂಪು ಕರಿ ತಿಳಿಯುವಷ್ಟು ದೃಷ್ಟಿ ಇತ್ತೇ ಹೊರತು ಅಷ್ಟು ಸಣ್ಣ ಎಳೆ ಕೆಚ್ಚುವಷ್ಟಿರಲಿಲ್ಲ. ಹಾಗಾದರೆ ಅವರು ಬಿಚ್ಚಿದ್ದನ್ನು ಮತ್ತೆ ಕೆಚ್ಚಿದವರು ಯಾರು ಎಂಬ ವಿಚಾರ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

“ಆವತ್ತ ನನ್ನ ಎಳಿ ಮತ್ತ ಕೆಚ್ಚಿದಾಕಿ ನೀನೇನ?”

ರೇಣುಕಾ ಎಳೆಯಿಂದ ಕಣ್ಣು ತೆಗೆಯಲಿಲ್ಲ. “ಮಾವಾರು ಬಿಚ್ಚತಿದ್ರು, ನಾ ಕೆಚ್ಚತಿದ್ದೆ. ನೀವು ಗುಡಿಗೆ ಹೋದಾಗೆಲ್ಲ.”

“ಮತ್ತ ಒಂದ ಮಾತ ನನಗ ಹೇಳಬಾರದಾ?”

“ನೀವು ಹಲ್ಲಿನ ಸುದ್ದಿ ಹೇಳಿದ್ರೇನ್ರಿ?” ಎಂದಳು.

ನಾನು ಮುಂದಿನ ಎಳೆ ಹಿಡಿದೆ. ಸಂಜೆಯ ಹೊತ್ತಿಗೆ ಇಬ್ಬರೂ ಎರಡು ಕಡೆಯಿಂದ ಕೆಚ್ಚುತ್ತ ನಡುವೆ ಬಂದು ಮುಟ್ಟಿದೆವು. ಕೊನೆಯ ಎಳೆಯನ್ನು ಅವಳಿಗೇ ಬಿಟ್ಟೆ.

ರಾಜೂರಿನ ಗಂಗವ್ವ ಈಗ ನಮಗೆ ಬಳಗ. ಹಬ್ಬಕ್ಕೆ ಅವಳು ಬರುತ್ತಾಳೆ, ಕಾರಹುಣ್ಣಿಮೆಗೆ ನಾವು ಹೋಗುತ್ತೇವೆ. ಹೋದಾಗೆಲ್ಲ ಅವಳು ಆ ಹೊರಸನ್ನು ಬೇವಿನ ನೆರಳಿಗೆ ಎಳೆದಿಡುತ್ತಾಳೆ, ನಾನು ನಾಚಿಕೆಯಿಲ್ಲದೆ ಮಲಗುತ್ತೇನೆ. ಆ ದಿನ ಅವಳು ಹೊರೆ ಇಳಿಸದೆ ಹೋಗಿದ್ದರೆ ನಾನು ಆ ಕಲ್ಲಿನ ಮೇಲೆಯೇ ಕತ್ತಲು ಮಾಡಿಕೊಳ್ಳುತ್ತಿದ್ದೆನೇನೋ. ನಿಮ್ಮ ಮನೆಯ ಹಿರಿಯರು ಏನಾದರೂ ಮರೆತರೆ, ಗಾದೆ ಹೇಳುವ ಮೊದಲು ನಿದ್ದೆ ಬರುತ್ತದೋ, ಎಲ್ಲಾದರೂ ನೋಯುತ್ತದೋ ಎಂದು ದಯವಿಟ್ಟು ಕೇಳಿರಿ. ಹಿರಿಯರೇ, ಕೇಳಿದರೆ ನೀವೂ ಮುಚ್ಚಿಡದೆ ಹೇಳಿರಿ.

ನಮ್ಮ ಮನೆಯಲ್ಲಿ ಈಗ ಬೆಳಗಾದರೆ ಚಹದ ಬಟ್ಟಲು ಹಿಡಿದು ಬಂದ ರೇಣುಕಾ ಮೊದಲು ಕೇಳುವುದು, “ನಿದ್ದಿ ಹ್ಯಾಂಗಾತ್ರಿ ಅತ್ತಿ?” ಎಂದು. ನಾನು ಹೇಳುತ್ತೇನೆ. ಆದರೆ ಅವಳು ಬರೀ ನನ್ನ ಮಾತು ನಂಬುವವಳಲ್ಲ. ಅದಕ್ಕೆ ಬಟ್ಟಲು ತೆಗೆದುಕೊಳ್ಳುವ ಮೊದಲು ಸೆರಗು ಸರಿಸಿ ಎರಡೂ ಗಲ್ಲ ತೋರಿಸುತ್ತೇನೆ.