ಮುಸುಕಿನ ಜೋಳದೊಳಗಿನ ಕೂಗು

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ಮೊದಲು ಹೋಗಿ ಕಣ್ಣು ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದವನು ನಾನು. ದಿನವಿಡೀ ಎಲೆ ಮಗುಚಿ ಹುಳ ಹುಡುಕುವವನಿಗೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಈಗಲೂ ದೆವ್ವಗಿವ್ವ ನಂಬುವುದಿಲ್ಲ. ಆದರೆ ಜೀರಹಳ್ಳಿಯಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಮೊಬೈಲು ಕೈಗೆ ಬಂದಿದ್ದರೂ ಬೆಟ್ಟದಲ್ಲಿ ಸಿಗ್ನಲ್ ಸಿಗದಿದ್ದ ಕಾಲ. ಬಿತ್ತನೆ ಬೀಜದ ಕಂಪನಿಯೊಂದರ ಪರವಾಗಿ ತಾಳವಾಡಿ ಸುತ್ತಲಿನ ಮುಸುಕಿನ ಜೋಳದ ಹೊಲಗಳಿಗೆ ಹೋಗಿ, ಕಾಂಡ ಕೊರೆಯುವ ಹುಳ ಬಿದ್ದಿದೆಯೇ, ಔಷಧಿ ಹೊಡೆಯಬೇಕೇ ಎಂದು ರೈತರಿಗೆ ಹೇಳುವುದು ನನ್ನ ಕೆಲಸವಾಗಿತ್ತು. ಜೀರಹಳ್ಳಿಯ ರೈತ ಸಿದ್ದಪ್ಪನವರ ಹೊಲ ಕಾಡಿನ ಅಂಚಿನಲ್ಲೇ ಇತ್ತು. ಜೋಳ ಆಳೆತ್ತರ ಮೀರಿ ಬೆಳೆದಿತ್ತು. ಒಳಗೆ ಹೊಕ್ಕರೆ ಪಕ್ಕದ ಸಾಲಿನಲ್ಲಿದ್ದವರೂ ಕಾಣುತ್ತಿರಲಿಲ್ಲ.

ಆನೆ ಕಾಟವಿದ್ದ ಅಂಥ ಹೊಲಕ್ಕೆ ಇಳಿಯಲು ಅಲ್ಲಿಯವರದೇ ಒಂದು ಕ್ರಮವಿತ್ತು. ಇಬ್ಬರು ಎರಡು ಕಡೆಯಿಂದ ಹೊಕ್ಕು, ಆಗಾಗ ‘ಕೂ’ ಎಂದು ಕೂಗಿಕೊಳ್ಳುತ್ತ ನಡುವೆ ಬಂದು ಸೇರಬೇಕು.

“ನನ್ ದನಿ ಬರ್ನಿಲ್ಲ ಅಂದ್ರೆ ಒಂದೆಜ್ಜೆನೂ ಮುಂದ್ಕೆ ಇಡಬ್ಯಾಡಿ ಸಾ. ಬಂದ್ ದಾರೀಲೇ ಆಚ್ಗೆ ಓಗ್ಬುಡಿ. ನನ್ನ ಉಡಿಕ್ಕಂಡು ಬರಬ್ಯಾಡಿ” ಎಂದರು ಸಿದ್ದಪ್ಪ. ಹುಳ ನೋಡಲು ಇಷ್ಟೆಲ್ಲ ಸಡಗರವೇ ಎಂದು ನಾನು ತಮಾಷೆ ಮಾಡಿದೆ. ಅವರು ಕಾಡಿನ ಕಡೆಯಿಂದ ಹೊಕ್ಕರು, ನಾನು ರಸ್ತೆಯ ಕಡೆಯಿಂದ.

ಮೊದಮೊದಲು ನನ್ನ ಕೂಗಿಗೆ ಅವರ ಕೂಗು ಬರುತ್ತಿತ್ತು. ಎಲೆಗಳಲ್ಲಿ ಸಾಲಾಗಿ ತೂತುಗಳು, ಗೆಣ್ಣಿನ ಬಳಿ ಹೊಟ್ಟಿನಂಥ ಹಿಕ್ಕೆ. ಹುಳ ಜೋರಾಗಿಯೇ ಬಿದ್ದಿತ್ತು. ಒಂದು ಕಾಂಡ ಸೀಳಿ ನೋಡಿ ನಾಲ್ಕು ಹೆಜ್ಜೆ ಮುಂದೆ ಹೋದರೆ, ಜೋಳವೆಲ್ಲ ನೆಲಕ್ಕೆ ಮಲಗಿ ಅಗಲವಾದ ದಾರಿಯಾಗಿತ್ತು. ಅದರ ನಡುವೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ರಾತ್ರಿ ಮೇಯಲು ಬಂದ ಒಂಟಿ ಆನೆ ಹಗಲಲ್ಲೂ ಒಳಗೇ ಉಳಿದುಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಕೂಗಿದರೆ ಆನೆಗೂ ಕೇಳಿಸುತ್ತದೆಂದು ಬಾಯಿಗೆ ಕೈ ಒತ್ತಿ ಹಿಡಿದೆ. ಅಲ್ಲಿಂದಾಚೆ ನಾನು ತುಟಿ ಬಿಚ್ಚಲಿಲ್ಲ.

ವಾಪಸು ಓಡೋಣವೆಂದು ತಿರುಗಿದೆ. ಆಗ ಒಳಗಿನಿಂದ ‘ಕೂ’ ಕೇಳಿಸಿತು. ಸಿದ್ದಪ್ಪನವರದೇ ದನಿ, ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ಕೂಗು. ಅವಸರವಿಲ್ಲ, ಹೆದರಿಕೆಯಿಲ್ಲ. ಅವರೇ ಇಷ್ಟು ಆರಾಮಾಗಿ ಕೂಗುತ್ತಿದ್ದಾರೆಂದರೆ ಆನೆ ದಾಟಿಹೋಗಿರಬೇಕು ಎಂದುಕೊಂಡು ಆ ಕಡೆಗೆ ನಡೆದೆ. ನಾನು ಎಡಕ್ಕೆ ತಪ್ಪಿದರೆ ಕೂಗು ಬಲದಿಂದ ಬರುತ್ತಿತ್ತು, ಬಲಕ್ಕೆ ತಪ್ಪಿದರೆ ಎಡದಿಂದ. ಕೊನೆಗೆ ಕಾಲ ಬುಡದಲ್ಲೇ ಎನ್ನುವಷ್ಟು ಹತ್ತಿರ ಕೇಳಿಸಿತು. ಜೋಳ ಸರಿಸಿ ನೋಡಿದೆ.

ಸಿದ್ದಪ್ಪನವರು ಅಂಗಾತ ಬಿದ್ದಿದ್ದರು. ಕೆಳದವಡೆ ಮುರಿದು ಒಂದು ಕಡೆಗೆ ಜೋತಿತ್ತು. ಬಾಯಿ ತುಂಬ ಮಣ್ಣು. ಅಂಗಿಯ ಮೇಲಿನ ರಕ್ತ ಆಗಲೇ ಒಣಗಿ ಕಪ್ಪಾಗಿತ್ತು. ಆ ಬಾಯಿಂದ ಕೂಗು ಹಾಗಿರಲಿ, ನರಳಿಕೆಯೂ ಹೊರಡುವಂತಿರಲಿಲ್ಲ. ಆನೆಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಆ ಬಾಯಿ ನೋಡಿ ಹೆದರಿದೆ.

ಉಸಿರು ಇನ್ನೂ ಇತ್ತು. ಬೆರಳು ಹಾಕಿ ಮಣ್ಣು ತೆಗೆದೆ. ಆಮೇಲೆ ನಾನು ಕಿರುಚಿಕೊಂಡದ್ದಕ್ಕೆ ಪಕ್ಕದ ಹೊಲದವರು ತಮಟೆ ಬಡಿಯುತ್ತ ಬಂದರು. ಹೇಗೋ ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದೆವು. ಇನ್ನೊಂದಿಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ದವಡೆ ಕೂಡಿಕೊಂಡು ಅವರಿಗೆ ಮಾತು ಬರುವ ಹೊತ್ತಿಗೆ ಜೋಳದ ಕಟಾವೇ ಮುಗಿದಿತ್ತು. ನೋಡಿ ಬರಲು ಮನೆಗೆ ಹೋದೆ. ನನ್ನ ಕೈ ಹಿಡಿದುಕೊಂಡು ಹೇಳಿದರು: “ನೀವು ಕೂಗ್ತಾನೇ ಇದ್ರಿ ಸಾ. ಕಿವಿ ಪಕ್ಕದಲ್ಲೇ ಕೂ, ಕೂ ಅಂತ. ಅದ್ಕೇ ನಾನು ಕಣ್ ಮುಚ್ಚನಿಲ್ಲ. ಇಲ್ದಿದ್ರೆ ಓಗ್ಬುಡ್ತಿದ್ದೆ.”

ಆನೆಯ ಲದ್ದಿ ಕಂಡ ಮೇಲೆ ನಾನು ಕೂಗಲೇ ಇಲ್ಲವೆಂದೆ. ಕೂಗುತ್ತಿದ್ದವರು ನೀವು, ಅದನ್ನು ಕೇಳಿಯೇ ಬಂದೆ ಎಂದೂ ಹೇಳಿದೆ.

“ನಾನಾ?” ಎಂದು ಸಿದ್ದಪ್ಪ ದವಡೆ ಮುಟ್ಟಿಕೊಂಡರು.

ಅವರ ಹೆಂಡತಿ ಕಾಫಿ ತಂದಿಟ್ಟು, “ಯಾಕಿಂಗೆ ಇಬ್ರೂ ಮಕ ಮಕ ನೋಡ್ಕಂಡು ಕುಂತಿದ್ದೀರಿ?” ಎಂದು ಕೇಳಿದರು. ಸಿದ್ದಪ್ಪ ಲೋಟ ತೆಗೆದು ನನ್ನ ಕೈಗಿಟ್ಟರು. ಅವತ್ತು ನಮ್ಮಿಬ್ಬರನ್ನೂ ಕೂಗಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.