ಅಕ್ಕನಿಗೂ ತಮ್ಮನದೇ ಜಡ್ಡು ಎಂದರು

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮಗಳು ಕಸ್ತೂರಿ ಮಾತು ಬಿಟ್ಟಳು.

ಒಮ್ಮೆಲೇ ಅಲ್ಲ. ಮೊದಮೊದಲು ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಮೇಲೆ ಊಟ ಸೇರದಾಯಿತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಕೂಡುವಳು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ. ಕೇರಿಯಲ್ಲಿ ಅವಳಿಲ್ಲದೆ ಆಟವೇ ಕೂಡುತ್ತಿರಲಿಲ್ಲ. ಗೆಳತಿಯರು ಬಾಗಿಲಲ್ಲಿ ನಿಂತು ಕರೆದು ಕರೆದು ಹೋದರು.

"ಏನಾಗೈತೆವ್ವಾ?" ಎಂದು ನನ್ನ ಹೆಂಡತಿ ನೀಲಾ ಕೇಳಿದರೆ ಒಂದೇ ಉತ್ತರ.

"ಏನಿಲ್ಲ ಬಿಡವ್ವಾ."

ನಾನು ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವವನು. ಮನೆಯ ಪಡಸಾಲೆಯೇ ನನ್ನ ಕೆಲಸದ ಜಾಗ. ಕಸ್ತೂರಿಯ ತಮ್ಮ ಶಿವು ಅಲ್ಲಿ ಬಣ್ಣದ ಬಟ್ಟಲು ಉರುಳಿಸದ ದಿನವಿಲ್ಲ. ನಡೆಯಲು ಕಲಿತಾಗಿನಿಂದ ಅವನು ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಮಾಸ್ತರರು ರೋಸಿಹೋಗಿ, ಹುಬ್ಬಳ್ಳಿಯಲ್ಲಿ ತೋರಿಸಿಕೊಂಡು ಬರ್ರಿ ಅಂದಿದ್ದರು. ಅಲ್ಲಿಯ ಡಾಕ್ಟರು 'ಹೈಪರ್‌ಆ್ಯಕ್ಟಿವ್' ಎಂದರು. ಇಂಗ್ಲಿಷ್ ಹೆಸರಿನ ರೋಗವೊಂದು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಹೀಗಾಗಿ ನಮ್ಮ ಚಿಂತೆಯೆಲ್ಲ ಶಿವುನದೇ ಆಗಿತ್ತು. ಕಸ್ತೂರಿ ಜಾಣೆ, ತಾನಾಗಿ ಸರಿಹೋಗುತ್ತಾಳೆ ಅಂದುಕೊಂಡೆವು.

ಸರಿಹೋದಳು ಕೂಡ. ಒಂದು ಮುಂಜಾನೆ ಎದ್ದವಳೇ ನಕ್ಕಳು. ನೀಲಾ ಸಂತೋಷಕ್ಕೆ ಹೋಳಿಗೆ ಮಾಡಿದಳು.

ಆದರೆ ಆ ನಗು ನಿಲ್ಲಲಿಲ್ಲ. ಮಾತು ನಿಲ್ಲಲಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು. ನಾವು ಏಳುವ ಹೊತ್ತಿಗೆ ಕೇರಿಯ ಅಂಗಳವನ್ನೆಲ್ಲ ಗುಡಿಸಿ ಮುಗಿಸಿರುತ್ತಿದ್ದಳು. ನಿದ್ದೆ ಯಾವಾಗ ಮಾಡಿದಳೋ ದೇವರೇ ಬಲ್ಲ. ಶಾಲೆಯಲ್ಲಿ ಮಾಸ್ತರರ ಕೈಯಿಂದ ಸೀಮೆಸುಣ್ಣ ಕಸಿದು ತಾನೇ ಪಾಠ ಹೇಳಲು ನಿಂತಳಂತೆ. ಗಿರಾಕಿಗೆಂದು ಸಿದ್ಧ ಮಾಡಿದ್ದ ತೊಟ್ಟಿಲ ಮೇಲೆ ಒಂದು ದಿನ ಕೈಗೆ ಸಿಕ್ಕ ಬಣ್ಣವನ್ನೆಲ್ಲ ಬಳಿದಳು. ನಾನು ಚೀರಿದೆ. ಅವಳ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ.

"ಯಪ್ಪಾ, ನಿನಗ ತಿಳಿಯೂದಿಲ್ಲ. ದಿಲ್ಲಿಯವ್ರು ಇದನ್ನ ನೋಡಾಕ ಬರ್ತಾರ!"

ಮಾಸ್ತರರು ಅಂದರು, "ತಮ್ಮನ ಜಡ್ಡು ಅಕ್ಕಗೂ ಹತ್ತೇತ್ರಿ." ಹುಬ್ಬಳ್ಳಿಯ ಡಾಕ್ಟರಿಗೂ ಹಾಗೆಯೇ ಕಂಡಿತು. ಒಂದೇ ಮನೆಯಲ್ಲಿ ಇಬ್ಬರಿಗೂ ಇರಬಹುದು, ದೊಡ್ಡವರಾದಂತೆ ಕಡಿಮೆಯಾಗುತ್ತದೆ ಎಂದರು. ನಮಗೂ ಅದು ಸರಿಯೆನಿಸಿತು. ಇಬ್ಬರೂ ಕೂತಲ್ಲಿ ಕೂಡುವುದಿಲ್ಲ, ಹೇಳಿದ್ದು ಕೇಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಏನು ಫರಕು?

ಬೇಸಿಗೆ ಹತ್ತಿತು. ಕಸ್ತೂರಿ ಮತ್ತೆ ಗೋಡೆಗೆ ಮುಖ ಮಾಡಿದಳು. ಈ ಸಲ ಜಳಕಕ್ಕೂ ಏಳಲಿಲ್ಲ. ಒಂದು ಮಧ್ಯಾಹ್ನ ನೀಲಾ ತಲೆ ಬಾಚುತ್ತಿದ್ದಾಗ ಕಸ್ತೂರಿ ಮೆಲ್ಲಗೆ ಅಂದಳು.

"ಯವ್ವಾ, ನಾ ಇಲ್ಲದಿದ್ರ ನಿಮಗ ಚಲೋ ಆಕ್ಕಿತ್ತು."

ನೀಲಾಳ ಕೈಯಿಂದ ಹಣಿಗೆ ಬಿತ್ತು.

ಮತ್ತೆ ಹುಬ್ಬಳ್ಳಿ. ಈಗ ಡಾಕ್ಟರು 'ಡಿಪ್ರೆಶನ್' ಎಂದರು. ಮನಸ್ಸನ್ನು ಮೇಲೆತ್ತುವ ಗುಳಿಗೆ ಬರೆದುಕೊಟ್ಟರು. ಗುಳಿಗೆ ಹತ್ತಿತು. ಮಗಳು ಎದ್ದು ಕೂತಳು, ಉಂಡಳು, ಮಾತಾಡಿದಳು. ಆಮೇಲೆ ಅವಳ ಕಣ್ಣುಗಳಲ್ಲಿ, ತೊಟ್ಟಿಲಿಗೆ ಬಣ್ಣ ಬಳಿದ ದಿನದ ಹೊಳಪು ಕಂಡಿತು. ನೀಲಾಳೂ ಅದನ್ನು ಕಂಡಿದ್ದಳು.

ಸಂತೆಯ ದಿನ ಕಸ್ತೂರಿ ಕಾಣೆಯಾದಳು.

ಬಸ್‌ಸ್ಟ್ಯಾಂಡ್, ಕೆರೆಯ ದಂಡೆ, ಗುಡಿ, ಶಾಲೆ, ಎಲ್ಲ ಹುಡುಕಿದೆ. ಕೆರೆಯ ನೀರಿನಲ್ಲಿ ಅವಳ ಲಂಗದ ಬಣ್ಣ ಹುಡುಕಿದೆ. ನಾನು ಯಾವ ದೇವರಿಗೂ ಹರಕೆ ಹೊರಲಿಲ್ಲ. ಯಾವ ಹೆಸರೂ ಬಾಯಿಗೆ ಬರಲಿಲ್ಲ. ಹೊತ್ತು ಇಳಿಯುವಾಗ ತಂಬೂರ ಹಳ್ಳಿಯ ಕಡೆಯಿಂದ ಬಂದ ಚಕ್ಕಡಿಯವನೊಬ್ಬ, ದೇವಿಕೊಪ್ಪದ ದಾರಿಯಲ್ಲಿ ಹುಡುಗಿಯೊಂದು ಹಾಡುತ್ತ ಹೊಂಟಿತ್ತು ಎಂದ. ಸೈಕಲ್ ತುಳಿದೆ.

ದೇವಿಕೊಪ್ಪದಲ್ಲಿ ಒಬ್ಬ ಹೆಣ್ಣುಮಗಳು ಅವಳನ್ನು ತನ್ನ ಕಟ್ಟೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು. ಮಗಳ ದನಿ ಬಿದ್ದುಹೋಗಿತ್ತು. ಹಾಡು ಮಾತ್ರ ನಿಂತಿರಲಿಲ್ಲ. ಅಂಗಾಲು ಒಡೆದು ರಕ್ತ ಬರುತ್ತಿತ್ತು. ಕಾಲ್ಗೆಜ್ಜೆ ಯಾರಿಗೋ ಬಿಚ್ಚಿ ಕೊಟ್ಟಿದ್ದಳು.

"ನಿಮ್ಮ ಕೂಸೇನ್ರಿ?" ಎಂದಳು ಆ ತಾಯಿ. "ಅಡವ್ಯಾಗ ಹೊಂಟಿತ್ತು. ಹುಲಿ ಕೂಡ ಮಾತಾಡ್ತೀನಿ ಅಂತೈತಿ. ಬಿಟ್ರ ಹೋಗೇಬಿಡ್ತಿತ್ತು."

ಮರುದಿನವೇ ಧಾರವಾಡದ ದೊಡ್ಡ ಆಸ್ಪತ್ರೆಗೆ ಹೋದೆವು. ಹುಚ್ಚರ ಆಸ್ಪತ್ರೆ ಎಂದು ಊರವರು ಕರೆಯುವ ಜಾಗ. ಮಕ್ಕಳ ವಾರ್ಡ್ ಇರಲಿಲ್ಲ. ನೀಲಾ ಮಗಳ ಕೂಡ ಹೆಣ್ಣುಮಕ್ಕಳ ವಾರ್ಡಿನಲ್ಲೇ ಉಳಿದಳು. ಶಿವು ನನ್ನ ಅವ್ವನೊಬ್ಬಳ ಕೈಗೆ ಸಿಗುವವನಲ್ಲ, ಅದಕ್ಕೇ ಇಬ್ಬರನ್ನೂ ಕರೆದೊಯ್ದಿದ್ದೆ. ಅದು ಒಳ್ಳೆಯದೇ ಆಯಿತು.

ಡಾಕ್ಟರ್ ಒಬ್ಬ ಹೆಣ್ಣುಮಗಳು, ನಡುವಯಸ್ಸಿನವರು. ಕುರ್ಚಿ ಹತ್ತಿ ಇಳಿಯುತ್ತಿದ್ದ ಶಿವುನನ್ನು ಬಹಳ ಹೊತ್ತು ನೋಡಿದರು.

"ಇವ ಯಾವಾಗಿಂದ ಹಿಂಗ?"

"ನಡಿಯಾಕ ಕಲಿತಾಗಿಂದ್ರಿ. ದಿನಾ ಇದ."

"ಕುಣಿದು ಕುಣಿದು ದಣೀತಾನೋ ಇಲ್ಲೋ?"

"ದಣೀತಾನ್ರಿ. ಬಿದ್ದಲ್ಲೇ ನಿದ್ದಿ ಹೋಗ್ತಾನ."

"ಹುಡುಗಿ?"

ನಾನು ಉತ್ತರ ಕೊಡುವ ಮೊದಲೇ ನೀಲಾ ಅಂದಳು, "ಆಕಿಗೆ ದಣಿವ ಇಲ್ರಿ. ಇಲ್ಲಾಂದ್ರ ಗ್ವಾಡಿಗೆ ಮಾರಿ ಮಾಡಿ ಬಿದ್ದಿರ್ತಾಳ. ಹೋದ ವರ್ಷದ ಮಳಿಗಾಲದ ತನಕ ನನ್ನ ಮಗಳು ಹಿಂಗ ಇದ್ದಿಲ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹಂಗಿದ್ರ ಇವು ಎರಡೂ ಒಂದ ಅಲ್ಲ. ಹುಡುಗಂದು ಅವನ ಸ್ವಭಾವದ ಕೂಡ ಬಂದದ್ದು. ಹುಡುಗೀದು ಬರ್ತೈತಿ, ಹೋಗ್ತೈತಿ. ನಡುವ ಆಕಿ ತನ್ನಂಗ ತಾನು ಇರ್ತಾಳ. ಒಂದು ದಿನ ನೋಡಿದವ್ರಿಗೆ ಇದು ತಿಳಿಯೂದು ಕಷ್ಟ. ನಿಮ್ಮ ಮನೆತನದಾಗ ಯಾರಿಗಾದ್ರೂ ಹಿಂಗ ಆಗಿತ್ತೇನು?"

ಇಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ. ಬಾಜು ಕೂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿನ್ನ ಸೋದರತ್ತಿ ಚಂದ್ರವ್ವಗ ಆಗಿತ್ತಪಾ."

"ಆಕಿ ಜ್ವರ ಬಂದು ಸತ್ತಳಲ್ಲ?"

"ಜ್ವರ ಅಲ್ಲ. ಬಾವಿಗೆ ಬಿದ್ದಳು."

ಡಾಕ್ಟರ್ ಮತ್ತೆ ಪೆನ್ನು ಎತ್ತಿ ಬರೆದುಕೊಂಡರು.

'ಮ್ಯಾನಿಕ್ ಡಿಪ್ರೆಸಿವ್' ಎಂದರು ಡಾಕ್ಟರ್, ಮನಸ್ಸು ಒಮ್ಮೆ ಮಿತಿಮೀರಿ ಏರುವ, ಒಮ್ಮೆ ಪೂರ್ತಿ ಕುಸಿಯುವ ಜಡ್ಡು. ಇಷ್ಟು ಸಣ್ಣ ವಯಸ್ಸಿನಲ್ಲಿ ಕಾಣುವುದು ಅಪರೂಪ, ಅದಕ್ಕೇ ಅವಸರ ಮಾಡುವುದಿಲ್ಲ ಎಂದು ವಾರ್ಡಿನಲ್ಲಿಟ್ಟು ನೋಡಿದರು. ಈ ಸಲ ಅವಳನ್ನು ಅತಿಯಾಗಿ ಮೇಲಕ್ಕೆ ನೂಕಿದ್ದು ಅದೇ ಇರಬೇಕೆಂದು ಹುಬ್ಬಳ್ಳಿಯ ಗುಳಿಗೆ ನಿಲ್ಲಿಸಿದರು. ಕಡೆಗೆ ಆ ಏರಿಳಿತ ಹಿಡಿದಿಡುವ ಲಿಥಿಯಂ ಗುಳಿಗೆ ಶುರುವಾಯಿತು. ಅದು ರಕ್ತದಲ್ಲಿ ಹೆಚ್ಚಾದರೆ ವಿಷ, ಕಡಿಮೆಯಾದರೆ ಉಪಯೋಗವಿಲ್ಲ. ಹೀಗಾಗಿ ಮೇಲಿಂದ ಮೇಲೆ ಬ್ಲಡ್ ಟೆಸ್ಟ್. ಸೂಜಿ ಕಂಡರೆ ಕಸ್ತೂರಿ ಹಲ್ಲು ಕಚ್ಚಿ ನೀಲಾಳ ಸೆರಗು ಹಿಡಿಯುತ್ತಿದ್ದಳು.

ಮಾತಿನ ಓಟ, ಕೈಯ ಹಾರಾಟ ನಿಧಾನಕ್ಕೆ ಇಳಿದವು. ಒಂದು ದಿನ ನಾನು ಹೋದಾಗ ಮಂಚದ ಮೇಲೆ ನನ್ನ ಮಗಳು ಕೂತಿದ್ದಳು. ಆ ಹಾಡುವವಳಲ್ಲ, ಗೋಡೆ ನೋಡುವವಳೂ ಅಲ್ಲ. "ಶಿವು ಎಲ್ಲಿ?" ಎಂದು ಕೇಳಿದಳು. ನಾನು ಹೊರಗೆ ಹೋಗಿ ನಳದ ಕೆಳಗೆ ಮುಖ ತೊಳೆದುಕೊಂಡೆ.

ಈಗ ಮನೆಯಲ್ಲಿದ್ದಾಳೆ. ಗುಳಿಗೆಯಿಂದ ಕೈ ಸ್ವಲ್ಪ ನಡುಗುತ್ತದೆ. ನೀರಡಿಕೆ ಬಹಳ. ಡಾಕ್ಟರ್ ಮುಚ್ಚಿಟ್ಟು ಮಾತಾಡಲಿಲ್ಲ, ಮತ್ತೆ ಬರಬಹುದು ಎಂದೇ ಹೇಳಿದ್ದಾರೆ. ಅಂದಿನಿಂದ ನಾವು ಕಾವಲುಗಾರರಾಗಿದ್ದೇವೆ. ಅವಳು ಜೋರಾಗಿ ನಕ್ಕರೆ ನೀಲಾ ಒಲೆಯ ಮುಂದಿನಿಂದ ಇಣುಕುತ್ತಾಳೆ. ಸುಮ್ಮನೆ ಕೂತರೆ ನಾನು ಕುಂಚ ಕೆಳಗಿಡುತ್ತೇನೆ. ಮಗುವಿನ ಸಂತೋಷಕ್ಕೂ ಅಂಜಬೇಕಾದ ಮನೆ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು.

ಮೊನ್ನೆ ಶಿವು ಅವಳ ಹೊಸ ಬಳೆಗಳನ್ನು ಒಡೆದ. ಕಸ್ತೂರಿ ಚೀರಿ, ಅವನ ಬೆನ್ನಿಗೆ ಎರಡು ಗುದ್ದಿ, ಕಾಲು ಅಪ್ಪಳಿಸುತ್ತ ಒಳಗೆ ಬಂದಳು. ನಾನೂ ನೀಲಾಳೂ ಒಮ್ಮೆಲೇ ಎದ್ದು ನಿಂತೆವು. ಅವಳ ಕಣ್ಣುಗಳನ್ನೇ ಹುಡುಕಿದೆವು.

ಅವಳು ಸೊಂಟಕ್ಕೆ ಕೈಯಿಟ್ಟು ನಮ್ಮಿಬ್ಬರನ್ನೂ ನೋಡಿದಳು.

"ಏನ್ ನೋಡ್ತೀರಿ? ನನಗ ಬರೇ ಸಿಟ್ಟು ಬಂದೈತಿ. ಜಡ್ಡು ಬಂದಿಲ್ಲ."